ಫೈಟಿಂಗ್ ಗೇಮ್ ಆಡಿಯೇ ಬದುಕಬೇಕು ಅನ್ನುವವರಿಗೆ

ಸ್ಟ್ರೀಟ್ ಫೈಟರ್ ಅನ್ನುವ, ಇಬ್ಬರು ಎದುರುಬದುರು ಹೊಡೆದಾಡುವ ವಿಡಿಯೊ ಗೇಮ್ ಆಡುವುದೇ ನನ್ನ ಕೆಲಸ ಅಂದ ಕೂಡಲೇ ಜನ ನನ್ನ ಬೆರಳು ನೋಡುತ್ತಾರೆ. ಎಷ್ಟು ಸ್ಪೀಡಾಗಿ ಒತ್ತುತ್ತೀರಿ ಅಂತ ಕೇಳುತ್ತಾರೆ. ಸ್ಪೀಡು ಬೇಡ ಅನ್ನಲ್ಲ. ಆದರೆ ಒಂದಷ್ಟು ತಿಂಗಳು ಪಟ್ಟು ಹಿಡಿದು ಕೂತರೆ ಅದು ಯಾರಿಗಾದರೂ ಬರುತ್ತದೆ. ಈ ಕಸುಬಿನಲ್ಲಿ ಯಾರು ಉಳಿಯುತ್ತಾರೆ, ಯಾರು ಬಿಟ್ಟುಹೋಗುತ್ತಾರೆ ಅಂತ ಹೇಳಬೇಕಾದರೆ ನಾನು ನೋಡುವುದು ಒಂದೇ: ಸೋತ ಮೇಲೆ ಆ ಮನುಷ್ಯ ಏನು ಮಾಡುತ್ತಾನೆ.

ನಾನು ದೊಡ್ಡ ಹೆಸರೇನಲ್ಲ. ದೊಡ್ಡ ಟೂರ್ನಮೆಂಟುಗಳಲ್ಲಿ ಸಾಮಾನ್ಯವಾಗಿ ಎರಡನೇ ದಿನದವರೆಗೆ ಇರುತ್ತೇನೆ. ಕೊನೆಯ ಎಂಟರಲ್ಲಿ ಕಾಣಿಸಿಕೊಳ್ಳುವುದು ಅಪರೂಪ. ಈ ಮಟ್ಟದಲ್ಲಿ ಇದ್ದುಕೊಂಡು ಹೊಟ್ಟೆಪಾಡು ನೋಡಿಕೊಳ್ಳುವುದು ಹೇಗೆ ಅನ್ನುವುದು ಚಾಂಪಿಯನ್‌ಗಳಿಗಿಂತ ನನಗೆ ಚೆನ್ನಾಗಿ ಗೊತ್ತು. ಅಷ್ಟು ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಯಾವ ಆಟ, ಯಾವ ಪಾತ್ರ

ಮೊದಲು ಒಂದು ಆಟ ಹಿಡಿಯಿರಿ. ಎರಡು ಬೇಡ. ಆಯ್ಕೆ ಮಾಡುವಾಗ ಎರಡು ವಿಷಯ ನೋಡಿ. ಆ ಆಟದ ಕಂಪನಿ ತಾನೇ ವರ್ಷವಿಡೀ ಟೂರ್ನಮೆಂಟ್ ನಡೆಸುತ್ತಾ? ನಿಮ್ಮ ಇಂಟರ್ನೆಟ್‌ಗೆ ಹತ್ತಿರದಲ್ಲಿ ಒಳ್ಳೆ ಆಟಗಾರರು ಇದ್ದಾರಾ? ಸ್ಟ್ರೀಟ್ ಫೈಟರ್‌ಗೆ ಅದರ ಕಂಪನಿ ಕ್ಯಾಪ್ಕಾಮ್ ನಡೆಸುವ ಕ್ಯಾಪ್ಕಾಮ್ ಪ್ರೊ ಟೂರ್ ಇದೆ, ಇಂಥದೇ ಇನ್ನೊಂದು ಆಟ ಟೆಕ್ಕೆನ್‌ಗೆ ಟೆಕ್ಕೆನ್ ವರ್ಲ್ಡ್ ಟೂರ್ ಇದೆ. ಆಟ ಎಷ್ಟೇ ಚೆನ್ನಾಗಿರಲಿ, ಹಿಂದೆ ಇಂಥದ್ದೊಂದು ವ್ಯವಸ್ಥೆ ಇಲ್ಲದಿದ್ದರೆ ಅದು ಹವ್ಯಾಸವಾಗಿ ಉಳಿಯುತ್ತದೆ. ಹವ್ಯಾಸವೂ ಒಳ್ಳೆಯದೇ, ಆದರೆ ಅದರಿಂದ ಹೊಟ್ಟೆ ತುಂಬಲ್ಲ.

ಆಟಗಳಿಗೂ ಆಯಸ್ಸಿದೆ ಅನ್ನುವುದು ನೆನಪಿರಲಿ. ಸ್ಟ್ರೀಟ್ ಫೈಟರ್ 5 ಬಂದದ್ದು 2016ರಲ್ಲಿ, 6 ಬಂದದ್ದು 2023ರ ಜೂನ್‌ನಲ್ಲಿ. ಏಳು ವರ್ಷ ಬಾಯಿಪಾಠ ಮಾಡಿದ್ದ ಕಾಂಬೊಗಳೆಲ್ಲ (ಒಂದರ ಬೆನ್ನಿಗೆ ಒಂದು ತಗಲುವ ಹೊಡೆತಗಳ ಸರಣಿ) ಒಂದೇ ದಿನದಲ್ಲಿ ಲೆಕ್ಕಕ್ಕಿಲ್ಲದಂತಾದವು. ಕೈಯಲ್ಲಿ ಉಳಿದದ್ದು ದೂರದ ಅಂದಾಜು, ಎದುರಾಳಿಯನ್ನು ಓದುವ ಅಭ್ಯಾಸ, ಕಲಿಯುವ ಕ್ರಮ. ಹಾಗಾಗಿ ಶುರುವಿನಿಂದಲೇ ಕಾಂಬೊಗಿಂತ ಇವುಗಳ ಮೇಲೆ ಜಾಸ್ತಿ ಹೊತ್ತು ಹಾಕಿ.

ಪಾತ್ರದ ವಿಷಯಕ್ಕೆ ಬಂದರೆ, ಯಾರು ಬಲಶಾಲಿ, ಯಾರು ದುರ್ಬಲ ಅನ್ನುವ ಪಟ್ಟಿಗಳು ದಿನಕ್ಕೊಂದು ಹುಟ್ಟುತ್ತವೆ. ಅವುಗಳ ಹಿಂದೆ ಓಡಬೇಡಿ. ಇವತ್ತು ಬಲಶಾಲಿ ಅನ್ನಿಸಿಕೊಂಡವನ ಹಲ್ಲನ್ನು ಮುಂದಿನ ಅಪ್‌ಡೇಟ್‌ನಲ್ಲಿ ಕೀಳುತ್ತಾರೆ. ಹಾಗಂತ ಪೂರಾ ಕೆಳಗಿರುವ ಪಾತ್ರ ಹಿಡಿದು ವೀರಾವೇಶ ತೋರಿಸುವುದೂ ಬೇಡ. ಮೇಲಿನ ಅರ್ಧದಲ್ಲಿರುವ, ಆಡಲು ಬೇಜಾರಾಗದ ಒಬ್ಬರನ್ನು ಆರಿಸಿ. ಒಂದು ಟೂರ್ನಮೆಂಟ್ ಸೋತ ವಾರದಲ್ಲಿ ಮಾತ್ರ ಪಾತ್ರ ಬದಲಾಯಿಸುವ ತೀರ್ಮಾನ ತಗೋಬೇಡಿ. ಆ ವಾರ ನಿಮ್ಮ ತಲೆ ನಿಮ್ಮ ಮಾತು ಕೇಳಲ್ಲ.

ಕೈಗೆ ಪ್ಯಾಡ್, ಆರ್ಕೇಡ್ ಸ್ಟಿಕ್, ಲೆವರ್‌ಲೆಸ್, ಯಾವುದಾದರೂ ಆಗುತ್ತದೆ. ಮೂರರಲ್ಲೂ ದೊಡ್ಡ ಟೂರ್ನಮೆಂಟ್ ಗೆದ್ದವರಿದ್ದಾರೆ. ಲೆವರ್‌ಲೆಸ್‌ನಲ್ಲಿ ಕೋಲಿನ ಬದಲು ದಿಕ್ಕಿಗೊಂದು ಬಟನ್. ಹಾಗಾಗಿ ಎಡ, ಬಲ ಎರಡನ್ನೂ ಒಟ್ಟಿಗೆ ಒತ್ತಬಹುದು. ಆಗ ಏನಾಗಬೇಕು ಅನ್ನುವುದಕ್ಕೆ ಕ್ಯಾಪ್ಕಾಮ್‌ನ ಟೂರ್ನಮೆಂಟುಗಳಲ್ಲಿ ನಿಯಮವಿದೆ: ಎರಡೂ ಸೇರಿ ಸೊನ್ನೆಯಾಗಬೇಕು, ಪಾತ್ರ ನಿಂತಲ್ಲೇ ನಿಲ್ಲಬೇಕು. ಕೊಳ್ಳುವ ಮುಂಚೆ ಆ ಪುಟ ಓದಿ.

ಫ್ರೇಮಿನ ಲೆಕ್ಕ

ಇದನ್ನು ಬಿಟ್ಟು ಮುಂದೆ ಹೋಗಲು ದಾರಿಯಿಲ್ಲ, ಸ್ವಲ್ಪ ಸಹಿಸಿಕೊಳ್ಳಿ.

ಈ ಆಟಗಳು ಸೆಕೆಂಡಿಗೆ 60 ಫ್ರೇಮ್ ಓಡುತ್ತವೆ. ಒಂದು ಫ್ರೇಮ್ ಅಂದರೆ ಪರದೆಯ ಒಂದು ಚಿತ್ರ, ಸುಮಾರು 16.7 ಮಿಲಿಸೆಕೆಂಡ್. ಒಳಗೆ ನಡೆಯುವ ಎಲ್ಲವನ್ನೂ ಅಳೆಯುವುದು ಇದರಲ್ಲೇ. ಬಟನ್ ಒತ್ತಿದಾಗಿನಿಂದ ಹೊಡೆತ ತಗಲುವವರೆಗಿನದು ಸ್ಟಾರ್ಟಪ್. ತಗಲಬಲ್ಲ ಹೊತ್ತು ಆ್ಯಕ್ಟಿವ್. ಕೈಕಾಲು ಮತ್ತೆ ಜಾಗಕ್ಕೆ ಬರುವವರೆಗೆ ರಿಕವರಿ. ಎದುರಾಳಿಯ ಹೊಡೆತವನ್ನು ನೀವು ಬ್ಲಾಕ್ ಮಾಡಿದಿರಿ ಅನ್ನಿ. ಅವನು ನಿಮಗಿಂತ 4 ಫ್ರೇಮ್ ತಡವಾಗಿ ಕದಲುತ್ತಾನೆ ಅಂದರೆ ಅವನು ಮೈನಸ್ 4. ನಿಮ್ಮ ಹತ್ತಿರ 4 ಫ್ರೇಮಿನ ಜ್ಯಾಬ್ (ಬೇಗ ಬರುವ ಚಿಕ್ಕ ಗುದ್ದು) ಇದ್ದರೆ ಅದು ಅವನಿಗೆ ತಗಲಲೇಬೇಕು, ಏನೂ ಮಾಡುವ ಹಾಗಿಲ್ಲ. ಮೈನಸ್ 3 ಆಗಿದ್ದರೆ ಅವನು ಬ್ಲಾಕ್ ಮಾಡಿಕೊಂಡು ನಿಮ್ಮ ಮುಖ ನೋಡುತ್ತಾನೆ.

ಇಷ್ಟನ್ನು ಯಾರು ಬೇಕಾದರೂ ಪಟ್ಟಿ ನೋಡಿ ಕಲಿಯಬಹುದು. ಮಜಾ ಇರುವುದು ಪಟ್ಟಿ ಹೇಳದ ಕಡೆ. ಬ್ಲಾಕ್ ಮಾಡಿದಾಗ ಇಬ್ಬರ ನಡುವಿನ ದೂರ ಹೆಚ್ಚುತ್ತದೆ. ಕಾಲಿನ ತುದಿ ಮಾತ್ರ ತಾಗುವಷ್ಟು ದೂರದಿಂದ ಅವನು ಹೊಡೆದಿದ್ದರೆ, ಲೆಕ್ಕದಲ್ಲಿ ಮೈನಸ್ 4 ಇದ್ದರೂ ನಿಮ್ಮ ಜ್ಯಾಬ್ ಗಾಳಿಗೆ ಹೋಗುತ್ತದೆ. ಆಮೇಲೆ ಏಟು ತಿನ್ನುವವರು ನೀವು. ಹಾಗಾಗಿ ನಾನು ಬರೆದಿಟ್ಟುಕೊಳ್ಳುವುದು ಸಂಖ್ಯೆಯ ಜೊತೆಗೆ ಜಾಗವನ್ನು: ಯಾವ ದೂರದಿಂದ ಬಂದರೆ ಶಿಕ್ಷೆ ಕೊಡಬಹುದು, ಯಾವ ದೂರದಿಂದ ಬಂದರೆ ಸುಮ್ನೆ ಬಿಡಬೇಕು.

ಬರೆಯುವುದಕ್ಕೂ ಒಂದು ರೂಢಿಯಿದೆ. ಕೀಬೋರ್ಡಿನ ಬಲಗಡೆ ಇರುವ ಅಂಕಿಗಳ ಚೌಕವನ್ನು ದಿಕ್ಕುಗಳ ನಕ್ಷೆ ಅಂದುಕೊಳ್ಳಿ. ನಡುವಿನ 5 ಅಂದರೆ ಸುಮ್ನೆ ನಿಂತಿರುವುದು, 6 ಅಂದರೆ ಮುಂದೆ, 2 ಅಂದರೆ ಕೆಳಗೆ. ಫೈರ್‌ಬಾಲ್ ಬಿಡುವ ಹಡೋಕೆನ್ 236, ಮೇಲಕ್ಕೆ ಹಾರುತ್ತಾ ಗುದ್ದುವ ಶೋರ್ಯುಕೆನ್ 623. ಯಾವ ಭಾಷೆಯ ಆಟಗಾರರ ನೋಟ್ಸ್ ಸಿಕ್ಕಿದರೂ ಓದಬಹುದು. ಎರಡು ದಿನದಲ್ಲಿ ರೂಢಿಯಾಗುತ್ತದೆ.

ಟ್ರೇನಿಂಗ್ ಮೋಡಿನಲ್ಲಿ ಕೂರುವುದು

ಟ್ರೇನಿಂಗ್ ಮೋಡಿನಲ್ಲಿ ಕಾಂಬೊ ತಿರುವುತ್ತಾ ಕೂರುವುದು ಹಿತ. ಎದುರಿಗಿರುವ ಡಮ್ಮಿ ತಿರುಗಿ ಹೊಡೆಯಲ್ಲ ನೋಡಿ. ಆದರೆ ಆ ಡಮ್ಮಿಗೆ ಹೊಡೆಯಲು ಕಲಿಸಿದಾಗಲೇ ನಿಜವಾದ ಕೆಲಸ ಶುರು.

ಒಂದು ಉದಾಹರಣೆ ಬಿಡಿಸಿ ಹೇಳುತ್ತೇನೆ. ಸ್ಟ್ರೀಟ್ ಫೈಟರ್ 6ರಲ್ಲಿ ಡ್ರೈವ್ ಇಂಪ್ಯಾಕ್ಟ್ ಅಂತ ಒಂದಿದೆ. ಬಣ್ಣ ಚಿಮ್ಮಿಸಿಕೊಂಡು ಮುನ್ನುಗ್ಗುವ ಭಾರೀ ಹೊಡೆತ. ಮಧ್ಯದಲ್ಲಿ ನೀವು ಒಂದೇಟು ಕೊಟ್ಟರೂ ತಡೆದುಕೊಂಡೇ ಬರುತ್ತದೆ. ಮೂಲೆಯಲ್ಲಿ ಸಿಕ್ಕಿಹಾಕಿಕೊಂಡಿದ್ದರೆ ಬ್ಲಾಕ್ ಮಾಡಿದರೂ ಗೋಡೆಗೆ ಬಡಿದು ಬೀಳುತ್ತೀರಿ. ಉತ್ತರ ಮಾತ್ರ ಸುಲಭ: ಕಂಡ ಕೂಡಲೇ ನೀವೂ ಅದನ್ನೇ ಹಾಕಿ. ಇಬ್ಬರೂ ಹಾಕಿದರೆ ತಡವಾಗಿ ಹಾಕಿದವರದೇ ಗೆಲ್ಲುತ್ತದೆ.

ಅದರ ಸ್ಟಾರ್ಟಪ್ 26 ಫ್ರೇಮ್. ಎದುರಿಗೆ ದೀಪ ಹತ್ತಿದ್ದು ನೋಡಿ ಬಟನ್ ಒತ್ತಲು ಮನುಷ್ಯನಿಗೆ ಹೆಚ್ಚುಕಮ್ಮಿ ಕಾಲು ಸೆಕೆಂಡ್ ಬೇಕು, ಅಂದರೆ 15 ಫ್ರೇಮ್. ಇನ್ನೂ 11 ಉಳಿಯಿತಲ್ವಾ? ನೋಡುವ ಜನ ‘ಇದೂ ಕಾಣಿಸಲಿಲ್ವಾ’ ಅಂತ ಬೈಯುವುದು ಈ ಲೆಕ್ಕದ ಮೇಲೆಯೇ. ಆದರೆ ಆಡುವವನು ದೀಪ ಕಾಯುತ್ತಾ ಕೂತಿರುವುದಿಲ್ಲ. ಅವನು ಹಾರುತ್ತಾನಾ, ಓಡಿ ಬಂದು ಥ್ರೋ ಮಾಡುತ್ತಾನಾ (ಹಿಡಿದು ಎಸೆಯುತ್ತಾನಾ), ಫೈರ್‌ಬಾಲ್ ಬಿಡುತ್ತಾನಾ, ನನ್ನ ಗೇಜ್ (ವಿಶೇಷ ಹೊಡೆತಗಳಿಗೆ ಖರ್ಚಾಗುವ ಶಕ್ತಿಯ ಪಟ್ಟಿ) ಎಷ್ಟಿದೆ, ಎಲ್ಲವೂ ಒಟ್ಟಿಗೆ ತಲೆಯಲ್ಲಿ ಓಡುತ್ತಿರುತ್ತದೆ. ಇದನ್ನು ನಮ್ಮವರು ಮೆಂಟಲ್ ಸ್ಟ್ಯಾಕ್ ಅನ್ನುತ್ತಾರೆ. ಅದು ಬೆಳೆದಷ್ಟೂ ಕಣ್ಣಿಗೆ ಕಂಡದ್ದು ಕೈಗೆ ಬರುವುದು ನಿಧಾನ. ಅದರ ಮೇಲೆ, ಆಗಷ್ಟೇ ನೀವೊಂದು ಕಿಕ್ ಒತ್ತಿದ್ದರೆ ಅದರ ರಿಕವರಿ ಮುಗಿಯುವವರೆಗೆ ಏನೂ ಮಾಡಲಾಗದು. ಟಿವಿ ಹಳೆಯದಾದರೆ ಅದೂ ಒಂದೆರಡು ಫ್ರೇಮ್ ನುಂಗುತ್ತದೆ.

ಹಾಗಾಗಿ ಡಮ್ಮಿಗೆ ಬರೀ ಡ್ರೈವ್ ಇಂಪ್ಯಾಕ್ಟ್ ರೆಕಾರ್ಡ್ ಮಾಡಿ ಅಭ್ಯಾಸ ಮಾಡಿದರೆ ಹತ್ತಕ್ಕೆ ಹತ್ತು ಸಿಗುತ್ತದೆ, ಪಂದ್ಯದಲ್ಲಿ ಒಂದೂ ಸಿಗಲ್ಲ. ನಾನು ಹೀಗೆ ಮಾಡುತ್ತೇನೆ. ಮೊದಲ ಸ್ಲಾಟಿನಲ್ಲಿ ಡ್ರೈವ್ ಇಂಪ್ಯಾಕ್ಟ್. ಎರಡನೆಯದರಲ್ಲಿ ಮುಂದೆ ನಡೆದು ಬಂದು ಥ್ರೋ. ಮೂರನೆಯದರಲ್ಲಿ ಹಾರಿ ಕಿಕ್. ನಾಲ್ಕನೆಯದರಲ್ಲಿ ಹಿಂದೆ ಮುಂದೆ ಓಲಾಡಿ ಕೆಳಗಿನ ಕಿಕ್. ನಾಲ್ಕನ್ನೂ ಯಾವುದು ಯಾವಾಗ ಅಂತ ಗೊತ್ತಾಗದ ಹಾಗೆ ಓಡಿಸುತ್ತೇನೆ. ನಾನೂ ಸುಮ್ನೆ ನಿಲ್ಲುವುದಿಲ್ಲ. ಪಂದ್ಯದಲ್ಲಿ ಓಡಾಡುವ ಹಾಗೆ ಓಡಾಡುತ್ತಾ, ನನ್ನ ಹೊಡೆತಗಳನ್ನು ಹಾಕುತ್ತಾ ಇರುತ್ತೇನೆ. ತಪ್ಪಿದಾಗಲೆಲ್ಲ ನಿಲ್ಲಿಸಿ, ತಪ್ಪಿದ್ದು ಯಾಕೆ ಅಂತ ಒಂದು ಪದ ಬರೆಯುತ್ತೇನೆ: ‘ಹಾರ್ತಾನೆ ಅಂದುಕೊಂಡೆ’, ‘ರಿಕವರಿ’, ‘ಗೇಜ್ ನೋಡ್ತಿದ್ದೆ’. ಪುಟ ತುಂಬಿದಾಗ ಗೊತ್ತಾಗುತ್ತದೆ, ಕಣ್ಣಿನ ದೋಷ ಒಂದೂ ಇರುವುದಿಲ್ಲ. ಎಲ್ಲ ಗಮನದ ದೋಷ. ರಿಕವರಿ ಅಂತ ಜಾಸ್ತಿ ಬಂದಿದ್ದರೆ ಯಾವ ಬಟನ್ ಅನ್ನು ಯಾವ ದೂರದಲ್ಲಿ ಒತ್ತಬಾರದು ಅನ್ನುವುದೇ ಆ ವಾರದ ಪಾಠ.

ಥ್ರೋ ವಿಷಯ ಬೇರೆ. ಅದು 5 ಫ್ರೇಮಿಗೇ ಬರುತ್ತದೆ, ನೋಡಿ ತಪ್ಪಿಸಿಕೊಳ್ಳಲು ಯಾರಿಂದಲೂ ಆಗಲ್ಲ. ಅಲ್ಲಿ ಊಹೆಯೇ ಗತಿ. ಯಾವುದನ್ನು ನೋಡಿ ತಡೆಯಬೇಕು, ಯಾವುದನ್ನು ಊಹಿಸಬೇಕು ಅಂತ ಬೇರೆಬೇರೆ ಮಾಡಿಟ್ಟುಕೊಂಡರೆ ತಲೆಯ ಮೇಲಿನ ಭಾರ ಅರ್ಧ ಇಳಿಯುತ್ತದೆ.

ಜನ ಹೆಚ್ಚಾಗಿ ತಪ್ಪು ತಿಳಿದಿರುವ ಒಂದು ಘಟನೆಯೂ ಇದೇ ಮಾತು ಹೇಳುತ್ತದೆ. ಫೈಟಿಂಗ್ ಗೇಮುಗಳ ದೊಡ್ಡ ಟೂರ್ನಮೆಂಟ್ ಇವೋ, ಅದರ 2004ರ ಆವೃತ್ತಿಯಲ್ಲಿ ಜಪಾನಿನ ಡೈಗೊ ಉಮೆಹಾರಾ ಅವರ ಪಾತ್ರ ಕೆನ್, ಅಮೆರಿಕದ ಜಸ್ಟಿನ್ ವಾಂಗ್ ಅವರದು ಚುನ್-ಲೀ. ಕೆನ್‌ಗೆ ಉಳಿದಿದ್ದ ಪ್ರಾಣ ಒಂದು ಗೆರೆಯಷ್ಟೂ ಇಲ್ಲ, ಬ್ಲಾಕ್ ಮಾಡಿದರೂ ಸಾಯುತ್ತಾನೆ. ಚುನ್-ಲೀಯ ಸೂಪರ್, ಅಂದರೆ ಗೇಜ್ ಖರ್ಚು ಮಾಡಿ ಹಾಕುವ ದೊಡ್ಡ ಹೊಡೆತ, ಬಂತು. ಅದರ 15 ಒದೆತಗಳನ್ನೂ ಡೈಗೊ ಒಂದೊಂದಾಗಿ ಪ್ಯಾರಿ ಮಾಡಿ (ತಗಲುವ ಕ್ಷಣಕ್ಕೆ ಸರಿಯಾಗಿ ಒತ್ತಿ, ಪ್ರಾಣ ಹೋಗದ ಹಾಗೆ ತಡೆದು) ತಿರುಗಿ ಹೊಡೆದು ಗೆದ್ದರು. ಎಂಥಾ ರಿಫ್ಲೆಕ್ಸ್ ಅಂತ ಎಲ್ಲರೂ ಬಾಯಿ ಬಿಟ್ಟರು. ಆದರೆ ಆ ಮೊದಲ ಒದೆತವನ್ನು ನೋಡಿ ತಡೆಯುವಷ್ಟು ಹೊತ್ತೇ ಇರುವುದಿಲ್ಲ. ಸೂಪರ್ ಬರುತ್ತದೆ ಅಂತ ಮುಂಚೆಯೇ ಗೊತ್ತಿರಬೇಕು. ಉಳಿದ ಲಯ ಅಭ್ಯಾಸದ್ದು. ಅಂದ ಹಾಗೆ ಅವತ್ತು ಟೂರ್ನಮೆಂಟ್ ಗೆದ್ದವರು ಡೈಗೊ ಅಲ್ಲ. ಫೈನಲ್‌ನಲ್ಲಿ ಅವರು ಕೆಂಜಿ ಒಬಾಟಾ ಅವರಿಗೆ ಸೋತರು.

ಸೋತ ಪಂದ್ಯ ನೋಡುವುದು

ಗೆದ್ದ ರೀಪ್ಲೇ ನೋಡಿ ಖುಷಿಪಡಿ, ಬೇಡ ಅನ್ನಲ್ಲ. ಕಲಿಯಲು ಮಾತ್ರ ಸೋತದ್ದನ್ನು ನೋಡಿ. ಸೋತ ಕೂಡಲೇ ಬೇಡ, ಮಾರನೇ ದಿನ ನೋಡಿ. ನಾನು ಸೌಂಡ್ ಆಫ್ ಮಾಡಿ ನೋಡುತ್ತೇನೆ. ಏಟು ಬಿದ್ದ ಪ್ರತಿ ಜಾಗದಲ್ಲೂ ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಆ ಕ್ಷಣ ನಾನು ಏನು ಬರುತ್ತದೆ ಅಂದುಕೊಂಡಿದ್ದೆ? ಉತ್ತರ ‘ಏನೂ ಅಂದುಕೊಂಡಿರಲಿಲ್ಲ’ ಅಂತ ಬಂದರೆ ಅಲ್ಲೊಂದು ತೂತಿದೆ. ‘ಥ್ರೋ ಬರುತ್ತೆ ಅಂದುಕೊಂಡೆ, ಹೊಡೆತ ಬಂತು’ ಅಂತಾದರೆ ಅದು ಆಟ, ಬಿಟ್ಟುಬಿಡಿ.

ಪದೇಪದೇ ಎದುರಾಗುವ ಆಟಗಾರರಿಗೆ ತಲಾ ಒಂದು ಪುಟ ಇಟ್ಟಿದ್ದೇನೆ. ಬಿದ್ದು ಏಳುವಾಗ ಏನು ಒತ್ತುತ್ತಾನೆ? ಮೂಲೆಗೆ ಸಿಕ್ಕಾಗ ಮೊದಲು ಏನು ಮಾಡುತ್ತಾನೆ? ಗೇಜ್ ಖಾಲಿಯಾಗುವ ಹೊತ್ತಿಗೆ ಹೆದರುತ್ತಾನಾ, ನುಗ್ಗುತ್ತಾನಾ? ಇದಕ್ಕಿಂತ ಜಾಸ್ತಿ ಬರೆದರೆ ಪಂದ್ಯದ ಮಧ್ಯೆ ನೆನಪಿಗೆ ಬರಲ್ಲ.

ಆನ್‌ಲೈನ್ ರ‍್ಯಾಂಕ್ ಒಂದು ಮಟ್ಟದವರೆಗೆ ಕೈ ಹಿಡಿಯುತ್ತದೆ. ಇಂಟರ್ನೆಟ್ಟಿನ ತಡ ಗೊತ್ತಾಗದ ಹಾಗೆ ಮಾಡುವ ರೋಲ್‌ಬ್ಯಾಕ್ ಅನ್ನುವ ತಂತ್ರ ಬಂದ ಮೇಲೆ ದೂರದವರ ಜೊತೆ ಆಡುವುದೂ ಸಲೀಸಾಗಿದೆ. ಆದರೆ ಎರಡು ಮೂರು ಗೇಮ್ ಆಡಿ ಮುಂದಿನವರ ಹತ್ತಿರ ಹೋಗುವುದರಲ್ಲಿ ಒಂದು ಮೋಸವಿದೆ. ನಿಮ್ಮ ಒಂದೇ ಟ್ರಿಕ್ಕಿಗೆ ಯಾರೂ ಉತ್ತರ ಹುಡುಕುವ ಮುಂಚೆ ಎದ್ದು ಹೋಗಿರುತ್ತೀರಿ. ಅದಕ್ಕೇ ಹತ್ತು ಗೆಲ್ಲುವವರೆಗೆ ಆಡುವ ಸೆಟ್‌ಗಳನ್ನು ಆಡಿ. 2017ರ ಇವೋ ಗೆದ್ದಿದ್ದ ಜಪಾನಿನ ಟೋಕಿಡೊ ಅವರನ್ನು ಮರುವರ್ಷ ಡೈಗೊ ಇಂಥದೇ ಸೆಟ್‌ನಲ್ಲಿ 10-5ರಿಂದ ಸೋಲಿಸಿದರು. ಐದನೇ ಗೇಮಿನ ಹೊತ್ತಿಗೆ ಇಬ್ಬರ ಟ್ರಿಕ್ಕುಗಳೂ ಮುಗಿದಿರುತ್ತವೆ. ಆಮೇಲೆ ನಡೆಯುವುದೇ ನಿಜವಾದ ಆಟ.

ಆಡಲು ಗುಂಪು ಬೇಕು. ಪಾಕಿಸ್ತಾನದ ಅರ್ಸ್ಲಾನ್ ಆ್ಯಶ್ 2019ರಲ್ಲಿ ಇವೋ ಜಪಾನ್‌ಗೆ ಹೋದಾಗ ಟೆಕ್ಕೆನ್ ಲೋಕದಲ್ಲಿ ಅವರ ಹೆಸರು ಕೇಳಿದವರೇ ಕಮ್ಮಿ. ಅದನ್ನೂ ಗೆದ್ದರು, ಅದೇ ವರ್ಷ ಲಾಸ್ ವೇಗಸ್‌ನ ಇವೋವನ್ನೂ ಗೆದ್ದರು. ಊರಲ್ಲಿ ತಮಗೆ ಸಮನಾಗಿ ಆಡುವವರು ಇನ್ನೂ ಇದ್ದಾರೆ ಅಂತ ಅವರು ಹೇಳಿದಾಗ ಜನ ತಮಾಷೆ ಅಂದುಕೊಂಡಿದ್ದರು.

ಟೂರ್ನಮೆಂಟ್ ದಿನ

ಬಹುತೇಕ ಎಲ್ಲ ಕಡೆ ಡಬಲ್ ಎಲಿಮಿನೇಷನ್. ಒಮ್ಮೆ ಸೋತರೆ ಲೂಸರ್ಸ್ ಕಡೆ, ಅಂದರೆ ಸೋತವರ ಸಾಲಿಗೆ ಹೋಗುತ್ತೀರಿ, ಇನ್ನೊಮ್ಮೆ ಸೋತರೆ ಮನೆಗೆ. ಪೂಲ್‌ಗಳಲ್ಲಿ, ಅಂದರೆ ಶುರುವಿನ ಗುಂಪುಗಳಲ್ಲಿ, ಎರಡು ಗೇಮ್ ಗೆದ್ದರೆ ಪಂದ್ಯ ನಿಮ್ಮದು. ಕೊನೆಯ ಎಂಟರಲ್ಲಿ ಮೂರು ಗೆಲ್ಲಬೇಕು. ಗೆದ್ದವನು ಪಾತ್ರ ಬದಲಾಯಿಸುವ ಹಾಗಿಲ್ಲ, ಸೋತವನು ಬದಲಾಯಿಸಬಹುದು. 2023ರ ಇವೋದಲ್ಲಿ ಸ್ಟ್ರೀಟ್ ಫೈಟರ್ 6 ಒಂದಕ್ಕೇ 7,000ಕ್ಕೂ ಹೆಚ್ಚು ಜನ ಹೆಸರು ಕೊಟ್ಟಿದ್ದರು. ಅಷ್ಟು ಜನರಲ್ಲಿ ನಿಮ್ಮ ಸರದಿಗೆ ಕಾಯುವುದೇ ದಿನದ ದೊಡ್ಡ ಕೆಲಸ. ಆಡುವುದು ನಿಮಿಷಗಳ ಲೆಕ್ಕ, ಕಾಯುವುದು ಗಂಟೆಗಳ ಲೆಕ್ಕ. ಹೊಟ್ಟೆಗೆ ಸ್ವಲ್ಪ ಸ್ವಲ್ಪ ಹಾಕುತ್ತಾ ಇರಿ. ಕಿವಿ ಮುಚ್ಚುವ ಹೆಡ್‌ಫೋನ್ ಇರಲಿ, ಆದರೆ ಹೆಸರು ಕೂಗಿದ್ದು ಕೇಳಿಸಲಿ. ಕೂಗಿದಾಗ ಬರದಿದ್ದರೆ ಡಿಸ್‌ಕ್ವಾಲಿಫೈ ಮಾಡುತ್ತಾರೆ, ಕಣ್ಣೀರಿಗೆ ಕರಗಲ್ಲ.

ಕೂತ ಕೂಡಲೇ ಬಟನ್ ಚೆಕ್ ಮಾಡಿ. ಒಂದೊಂದಾಗಿ ಎಲ್ಲವನ್ನೂ ಒತ್ತಿ ನೋಡಿ, ಹಿಂದೆ ಆಡಿದವನ ಸೆಟ್ಟಿಂಗ್ ಹಾಗೇ ಉಳಿದಿರುತ್ತದೆ. ಎದುರಿಗಿರುವವನು ಅವಸರ ಮಾಡಿದರೂ ನಿಧಾನವಾಗಿಯೇ ನೋಡಿ, ಅದು ನಿಮ್ಮ ಹಕ್ಕು. ವೈರ್‌ಲೆಸ್ ಪ್ಯಾಡ್ ಇದ್ದರೆ ಎದ್ದು ಹೋಗುವಾಗ ಆ ಕನ್ಸೋಲಿನಿಂದ ಅದರ ನಂಟು ಕಡಿದು ಹೋಗಿ. ಇಲ್ಲದಿದ್ದರೆ ಬ್ಯಾಗಿನೊಳಗೆ ಒಂದು ಬಟನ್ ಒತ್ತಿಕೊಂಡು ಬೇರೆ ಯಾರದೋ ಪಂದ್ಯದ ನಡುವೆ ಆಟ ನಿಲ್ಲುತ್ತದೆ. ಪಂದ್ಯದ ಮಧ್ಯೆ ಆಟ ನಿಲ್ಲಿಸುವ ಪಾಜ್ ಬಟನ್ ಒತ್ತಿದರೆ ಸಾಮಾನ್ಯವಾಗಿ ಆ ರೌಂಡೇ ಹೋಯಿತು ಅಂತ ಲೆಕ್ಕ. ಕೊನೇ ರೌಂಡಿನಲ್ಲಿ ಹೀಗೆ ಆದದ್ದನ್ನು ಪಕ್ಕದಲ್ಲಿ ನಿಂತು ನೋಡಿದ್ದೇನೆ. ಇಡೀ ಸಾಲು ಆಟ ಬಿಟ್ಟು ತಿರುಗಿ ನೋಡಿತು.

ಮೊದಲ ಗೇಮ್ ಸೋತರೆ ಒಂದು ಗುಟುಕು ನೀರು ಕುಡಿಯಿರಿ. ಆ ಕೆಲವು ಸೆಕೆಂಡುಗಳಲ್ಲಿ ಒಂದೇ ಒಂದು ವಿಷಯ ಬದಲಾಯಿಸುವ ತೀರ್ಮಾನ ಮಾಡಿ. ‘ಅವನು ಏಳುವಾಗ ಹೊಡೆಯಲ್ಲ, ಬ್ಲಾಕ್ ಮಾಡ್ತೀನಿ’ ಅಂತ ಏನಾದರೂ ಒಂದು. ಮೂರು ಬದಲಾಯಿಸಲು ಹೋದರೆ ಒಂದೂ ಆಗಲ್ಲ.

ಮೈ ಕೈ

ಮಣಿಕಟ್ಟು, ಮುಂಗೈ ನೋಡಿಕೊಳ್ಳಿ. ಜುಮ್ಮೆನ್ನುವುದು, ಮರಗಟ್ಟುವುದು ಶುರುವಾದರೆ ಆಟ ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಿ. ನೋವು ನುಂಗಿಕೊಂಡು ಆಡುವುದರಲ್ಲಿ ದೊಡ್ಡಸ್ತಿಕೆಯೇನಿಲ್ಲ. ಆಡುವ ಮುಂಚೆ ಕೈ ಬೆಚ್ಚಗಿರಲಿ. ಏಸಿ ಹಾಲ್‌ಗಳಲ್ಲಿ ಬೆರಳು ಮರಗಟ್ಟುತ್ತದೆ, ನಾನು ಜೇಬಿನಲ್ಲಿ ಕೈಗವಸು ಇಟ್ಟಿರುತ್ತೇನೆ.

ವಯಸ್ಸಿನ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ಹಾಂಗ್‌ಝೌ ಏಷ್ಯನ್ ಗೇಮ್ಸ್ 2023ರಲ್ಲಿ ನಡೆದಾಗ ಸ್ಟ್ರೀಟ್ ಫೈಟರ್ 5ರ ಚಿನ್ನ ಗೆದ್ದ ದಕ್ಷಿಣ ಕೊರಿಯಾದ ಕಿಮ್ ಗ್ವಾನ್-ವೂ ಅವರಿಗೆ 44 ವರ್ಷ. ಡೈಗೊ ಒಂದು ಕಾಲದಲ್ಲಿ ಆಟ ಬಿಟ್ಟು ವೃದ್ಧರ ಆರೈಕೆಯ ಕೆಲಸಕ್ಕೆ ಸೇರಿದ್ದರು. ವಾಪಸ್ ಬಂದು 2009, 2010ರಲ್ಲಿ ಸ್ಟ್ರೀಟ್ ಫೈಟರ್ 4ರಲ್ಲಿ ಇವೋ ಗೆದ್ದರು. ಅಮೆರಿಕದ ಆಟಗಾರ ಪಂಕ್ 2017ರ ಇವೋ ಫೈನಲ್‌ನಲ್ಲಿ ಟೋಕಿಡೊಗೆ ಸೋತಾಗ ಇನ್ನೂ ಹುಡುಗ. ಆ ಕಿರೀಟ ಅವರ ತಲೆಗೇರಿದ್ದು 2024ರಲ್ಲಿ.

ದುಡ್ಡು ಎಲ್ಲಿಂದ

ಮೇಲಿನವರ ಲೆಕ್ಕ ಕೇಳಿದರೆ ತಲೆ ತಿರುಗುತ್ತದೆ. ಕ್ಯಾಪ್ಕಾಮ್ ಪ್ರೊ ಟೂರ್‌ನ ಕೊನೆಯ ಟೂರ್ನಮೆಂಟ್ ಆದ ಕ್ಯಾಪ್ಕಾಮ್ ಕಪ್ಪನ್ನು 2024ರಲ್ಲಿ ಗೆದ್ದ ತೈವಾನಿನ ಉಮಾ ಅವರಿಗೆ 10 ಲಕ್ಷ ಡಾಲರ್ ಸಿಕ್ಕಿತು. ಮರುವರ್ಷ ಜಪಾನಿನ ಕಾಕೆರು ಅವರಿಗೂ ಅಷ್ಟೇ. ಈಗ ಕೆಳಗೆ ನೋಡಿ. 2010ರ ದಶಕದ ಇವೋಗಳಲ್ಲಿ ಎಂಟ್ರಿ ಹಣದ ಗಂಟನ್ನು ಹಂಚುತ್ತಿದ್ದದ್ದು ಹೀಗೆ: ಗೆದ್ದವರಿಗೆ ಶೇಕಡಾ 60, ಎರಡನೆಯವರಿಗೆ 20, ಮೂರನೆಯವರಿಗೆ 10, ನಾಲ್ಕನೆಯವರಿಗೆ 4, ಐದನೇ ಸ್ಥಾನದ ಇಬ್ಬರಿಗೆ ತಲಾ 2, ಏಳನೇ ಸ್ಥಾನದ ಇಬ್ಬರಿಗೆ ತಲಾ 1. ಸಾವಿರಾರು ಜನರಲ್ಲಿ ಒಂಬತ್ತನೆಯವರಾದರೆ? ಒಂದು ಚಪ್ಪಾಳೆ.

ಹಾಗಾಗಿ ಬಹುಮಾನವನ್ನು ಸಂಬಳ ಅಂತ ಲೆಕ್ಕ ಹಾಕಬೇಡಿ. ನನ್ನ ತಿಂಗಳು ನಡೆಯುವುದು ಪಾಠದಿಂದ. ಒಂದು ಗಂಟೆ ಕೂತು ಇನ್ನೊಬ್ಬರ ಸೋತ ರೀಪ್ಲೇ ನೋಡಿ, ಎಲ್ಲಿ ಏನು ತಪ್ಪಿತು ಅಂತ ಬಿಡಿಸಿ ಹೇಳುತ್ತೇನೆ. ನನ್ನ ಪಂದ್ಯಕ್ಕೆ ಮಾಡುವ ಕೆಲಸವನ್ನೇ ಬೇರೆಯವರಿಗೆ ಮಾಡಿಕೊಟ್ಟಂತೆ. ಇದರ ಜೊತೆ ಸ್ಟ್ರೀಮಿಂಗ್, ಆಗಾಗ ಕಾಮೆಂಟರಿ, ಸಿಕ್ಕಾಗ ತಂಡದ ಸಂಬಳ. ಪಾಠ ಕೇಳಲು ಜನ ಬರುವುದು ನೀವು ಎಷ್ಟನೆಯವರಾದಿರಿ ಅಂತ ನೋಡಿ ಅಲ್ಲ. ಒಂದು ಪಾತ್ರವನ್ನು ಬಹಳ ಕಾಲ ಆಡಿದ್ದೀರಿ, ಯಾಕೆ ಸೋತಿರಿ ಅಂತ ನೆಟ್ಟಗೆ ಹೇಳುತ್ತೀರಿ ಅನ್ನುವ ಕಾರಣಕ್ಕೆ ಬರುತ್ತಾರೆ. ಟ್ರೇನಿಂಗ್ ಮೋಡಿನಲ್ಲಿ ಕಂಡುಕೊಂಡದ್ದನ್ನು ಮುಚ್ಚಿಡದೆ ಹಂಚಿ. ಒಂದು ವಾರದಲ್ಲಿ ಹೇಗೂ ಎಲ್ಲರಿಗೂ ಗೊತ್ತಾಗುತ್ತದೆ, ಹೆಸರಾದರೂ ನಿಮ್ಮದಿರಲಿ.

ತಂಡ ಕರೆದರೆ ಜೆರ್ಸಿ ನೋಡಿ ಮರುಳಾಗಬೇಡಿ, ಕರಾರು ಓದಿ. ಬಹುಮಾನದಲ್ಲಿ ಅವರ ಪಾಲು ಎಷ್ಟು? ಪ್ರಯಾಣ, ರೂಮಿನ ಖರ್ಚು ಮೊದಲೇ ಕೊಡುತ್ತಾರಾ, ಬಿಲ್ ಕೊಟ್ಟ ಮೇಲಾ? ತಿಂಗಳಿಗೆ ಎಷ್ಟು ಗಂಟೆ ಸ್ಟ್ರೀಮ್ ಮಾಡಬೇಕು? ಬಿಟ್ಟು ಹೋದರೆ ನಿಮ್ಮ ಹಳೆಯ ವಿಡಿಯೊ ಯಾರದು? ಹೊರದೇಶದ ಟೂರ್ನಮೆಂಟ್ ಇದ್ದರೆ ವೀಸಾ ಕೆಲಸ ಟಿಕೆಟ್‌ಗಿಂತ ಮುಂಚೆ ಶುರುವಾಗಬೇಕು. ಅರ್ಸ್ಲಾನ್ ಅವರಂಥವರನ್ನೇ ವೀಸಾ ಕಾಡಿದೆ, ನಮ್ಮದೇನು ಮಹಾ.

ಗೆದ್ದ ಹಣ ಕೈಗೆ ಬರಲು ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ಗೆದ್ದ ವಾರವೇ ಬ್ಯಾಂಕ್ ವಿವರ, ತೆರಿಗೆಯ ಫಾರಂ ಕಳಿಸಿಬಿಡಿ. ಯಾರು ಎಷ್ಟು ಕೊಡಬೇಕು, ಯಾವಾಗ ಕೊಡುತ್ತೇನೆ ಅಂದರು ಅಂತ ಒಂದು ಕಡೆ ಬರೆದಿಡಿ. ದಿನ ದಾಟಿದರೆ ಮೇಲ್ ಹಾಕಿ ಕೇಳಿ. ನಾನು ತಿಂಗಳ ಮೊದಲ ದಿನ ಆಟಕ್ಕೆ ಕೂರುವ ಮುಂಚೆ ಈ ಕೆಲಸ ಮುಗಿಸುತ್ತೇನೆ, ಇಲ್ಲದಿದ್ದರೆ ಟ್ರೇನಿಂಗ್ ಮೋಡಿನಲ್ಲೂ ಅದೇ ತಲೆಯಲ್ಲಿ ಓಡುತ್ತಿರುತ್ತದೆ.